ನಲ್ಲಿಗೆ ಇಂಬಳ ಬಿಟ್ಟ ತೀರ್ಥಪ್ಪ

ಹಿರೇನಲ್ಲೂರಿನಲ್ಲಿ ಇದ್ದಷ್ಟು ದಿನ ತೀರ್ಥಪ್ಪನ ಹೆಸರೇ ಒಂದು ಗೇಲಿಯಾಗಿತ್ತು. ಅಲ್ಲಿ ನೀರಿಗೆ ಅಷ್ಟು ತತ್ವಾರ. ಅವನ ಮನೆಯಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ, ಕೈಕಾಲು ತೊಳೆದ ನೀರು ಹಿತ್ತಿಲ ನುಗ್ಗೆಮರಕ್ಕೆ. ಸ್ನಾನದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಸ್ನಾನ ವಾರಕ್ಕೊಂದೇ ಸಲ. ಅವನು ಚಿಕ್ಕವನಿದ್ದಾಗ ಒಂದು ಚೊಂಬು ನೀರು ಚೆಲ್ಲಿದ್ದಕ್ಕೆ ತಾಯಿ, "ನೀರು ಚೆಲ್ಲಿದೋರು ಮುಂದಿನ ಜನ್ಮಕ್ಕೆ ಕಪ್ಪೆ ಆಗ್ತಾರೆ ಕಣೋ" ಎಂದು ಹೆದರಿಸಿದ್ದಳಂತೆ.

"ಕಪ್ಪೆ ಆದ್ರೆ ಒಳ್ಳೇದೇ ಅಲ್ವೇನವ್ವಾ? ದಿನಾ ನೀರಲ್ಲೇ ಇರ್ಬೋದು" ಎಂದನಂತೆ ಮಗ.

"ಹಿರೇನಲ್ಲೂರಲ್ಲೇ ಹುಟ್ಟೋ ಕಪ್ಪೆ ಕಣೋ, ಮುಂಡೇದೇ!" ಎಂದಳಂತೆ ತಾಯಿ.

ಆ ಬಾಯಿ ಅವನಿಗೆ ತಾಯಿಯಿಂದಲೇ ಬಂದಿದ್ದು. ಮುಖ ಮಾತ್ರ ಬೇರೆ ಯಾರದೋ. ಉದ್ದ ಮುಖ, ಜೋತು ಬಿದ್ದ ಮೀಸೆ, ಸದಾ ಯಾರೋ ಸತ್ತ ಸುದ್ದಿ ತಂದವನ ಹಾಗೆ ಒಂದು ನೋಟ. ಎಂಥ ಸುಳ್ಳು ಹೇಳಿದರೂ ಆ ಮುಖ ನೋಡಿದವರು ನಂಬಿಬಿಡುತ್ತಿದ್ದರು.

ಮೂರು ಜನ ಅಣ್ಣತಮ್ಮಂದಿರಿಗೆ ಹೊಲದಲ್ಲಿ ಕೆಲಸ ಸಾಲುತ್ತಿರಲಿಲ್ಲ. ೧೯೭೪ರಲ್ಲಿ ತೀರ್ಥಪ್ಪ ಹೆಂಡತಿ ವಿಮಲಮ್ಮನನ್ನು ಕರೆದುಕೊಂಡು ಕೆಮ್ಮಣ್ಣುಗುಂಡಿ ಬೆಟ್ಟ ಹತ್ತಿದ. ತರೀಕೆರೆಯ ಬಟ್ಟೆ ವ್ಯಾಪಾರಿ ಪಂಚಾಕ್ಷರಪ್ಪನವರು ಅಲ್ಲಿ ಹನ್ನೆರಡು ಕೋಣೆಗಳ ಒಂದು ಲಾಡ್ಜು ಕಟ್ಟಿಸಿದ್ದರು. ಅದಕ್ಕೊಬ್ಬ ನೀರುಗಂಟಿ ಬೇಕಾಗಿತ್ತು. ಊರಿನ ಕೆರೆಯಲ್ಲಿ ಅವನ ಅಜ್ಜ ಗದ್ದೆಗದ್ದೆಗೆ ನೀರು ಬಿಡುವ ನೀರುಗಂಟಿಯಾಗಿದ್ದನಾದ್ದರಿಂದ ಕೆಲಸ ಇವನಿಗೇ ಸಿಕ್ಕಿತು. ಕೆರೆ ತುಂಬಿದ್ದನ್ನು ಅಜ್ಜ ಕಂಡಿದ್ದೇ ನಾಲ್ಕೈದು ಸಲ ಎಂಬುದನ್ನು ಅವನು ಹೇಳಲು ಹೋಗಲಿಲ್ಲ.

ಬೆಟ್ಟದ ನೀರಿನ ಲೆಕ್ಕ ಸುಲಭವಾಗಿತ್ತು. ಮೇಲೆ ಕಾಡಿನ ಮಡಿಲಲ್ಲಿ ಬಂಡೆಯ ಸಂದಿಯಿಂದ ಒಂದು ಒರತೆ. ಅಲ್ಲಿಂದ ಕಬ್ಬಿಣದ ಕೊಳವೆಯಲ್ಲಿ ನೀರು ಲಾಡ್ಜಿನ ಹಿಂದಿನ ಕಲ್ಲಿನ ಟ್ಯಾಂಕಿಗೆ ಬರುತ್ತಿತ್ತು. ಟ್ಯಾಂಕು ತುಂಬಿ ಹೆಚ್ಚಾದದ್ದು ಇನ್ನೊಂದು ಕೊಳವೆಯಲ್ಲಿ ಕೆಳಗಿಳಿದು ಲೈನು ಮನೆಗಳ ಮುಂದಿನ ತೊಟ್ಟಿಗೆ ಬೀಳುತ್ತಿತ್ತು. ತೋಟಗಳಲ್ಲಿ, ರಸ್ತೆಯಲ್ಲಿ ಕೂಲಿ ಮಾಡುವ ಮೂವತ್ತು ಮನೆಯವರು ಆ ಸಾಲಿನಲ್ಲಿದ್ದರು. ತೀರ್ಥಪ್ಪನ ಮನೆಯೂ ಅಲ್ಲೇ. ಮೇಲಿನವರು ಬಳಸಿ ಉಳಿದರೆ ಕೆಳಗಿನವರಿಗೆ. ಮೊದಮೊದಲು ಉಳಿಯುತ್ತಿತ್ತು. ವಾರಕ್ಕೆ ನಾಲ್ಕು ಸಂಸಾರ ಬಂದರೆ ಹೆಚ್ಚು. ಬಂದವರೂ ಚಳಿಗೆ ಹೆದರಿ ಮುಖ ತೊಳೆದುಕೊಂಡು ಹೋಗುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಲಿಂಗದಹಳ್ಳಿಯ ಕಡೆಯಿಂದ ಮೆಟಡೋರ್ ಮೇಲೆ ಮೆಟಡೋರ್ ಹತ್ತತೊಡಗಿದವು. ಶನಿವಾರ ಬಂದರೆ ಹನ್ನೆರಡು ಕೋಣೆಗಳಿಗೆ ಅರವತ್ತು ಜನ. ಪಂಚಾಕ್ಷರಪ್ಪನವರು ಹುರುಪಿನಿಂದ ಕೋಣೆಕೋಣೆಗೂ ಷವರು ಹಾಕಿಸಿದರು. ಒಂದನೇ ನಂಬರಿನ ಕೋಣೆಗಂತೂ ಬೆಂಗಳೂರಿನಿಂದ ಲಾರಿಯಲ್ಲಿ ಒಂದು ಬಿಳಿಯ ಬಾತ್‌ಟಬ್ಬು ಬಂತು. ಅದನ್ನು ಇಳಿಸಿದ ದಿನ ಲೈನಿನ ಜನರೆಲ್ಲ ಬಂದು ನೋಡಿದರು. ಕರಿಯಮ್ಮ ಎಂಬ ಮುದುಕಿ ಸುತ್ತ ಒಂದು ಬಾರಿ ಬಂದು, "ಇದ್ರಲ್ಲಿ ಎಷ್ಟು ಎಮ್ಮೆ ಕುಡಿಯೋ ನೀರು ಹಿಡೀತದೆ?" ಎಂದು ಕೇಳಿದಳು.

ಮುಂದಿನ ಬೇಸಿಗೆಯಲ್ಲಿ ಕೆಳಗಿನ ತೊಟ್ಟಿ ಒಣಗಿತು. ಒಂದು ಭಾನುವಾರ ಮಧ್ಯಾಹ್ನ ತೀರ್ಥಪ್ಪ ಊಟಕ್ಕೆ ಕೂತ. ವಿಮಲಮ್ಮ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಪಕ್ಕದಲ್ಲಿ ಚೊಂಬು ಇಟ್ಟಳು. ಮೂರು ತುತ್ತು ನುಂಗಿ ಚೊಂಬು ಎತ್ತಿದರೆ ಖಾಲಿ.

"ಏನೇ ಇದು, ನೀರೇ ಇಲ್ಲ?"

"ನನ್ನ ಕೇಳ್ತೀರಾ? ಈ ಮನೇಲಿ ನೀರುಗಂಟಿ ಯಾರು?"

"ಮುದ್ದೆಗೆ ಎಸರು ಎಲ್ಲಿಂದ ಬಂತು ಹಂಗಾದ್ರೆ?"

"ಕರಿಯಮ್ಮನ ಮನೆಯಿಂದ ಕಡ ತಂದೆ. ನೀರು ಕಡ ತರೋ ನೀರುಗಂಟಿ ಹೆಂಡ್ತಿ ಅಂದ್ರೆ ಲೋಕದಲ್ಲಿ ನಾನೊಬ್ಳೇ ಇರ್ಬೇಕು. ಮೇಲೆ ಆ ಜನ ಹಲ್ಲುಜ್ಜೋಕೆ ನಲ್ಲಿ ಬಿಟ್ಕೊಂಡು ಹಾಡು ಹೇಳ್ತಾರೆ. ಇಲ್ಲಿ ನಾವು ಮುದ್ದೆ ಗಂಟ್ಲಲ್ಲಿ ಇಟ್ಕೊಂಡು ಕೇಳ್ಬೇಕು."

ತೀರ್ಥಪ್ಪ ಎದ್ದು ಮೇಲಕ್ಕೆ ನಡೆದ. ಗಂಟಲಲ್ಲಿದ್ದ ಮುದ್ದೆ ಲಾಡ್ಜು ತಲುಪಿದ ಮೇಲೆ ಇಳಿಯಿತು.

ಲಾಡ್ಜಿನ ಮೇನೇಜರ್ ವೆಂಕಟಸುಬ್ಬಯ್ಯನವರು ಸಾಧು ಮನುಷ್ಯ. ಸಮಸ್ಯೆ ಕೇಳಿ ಮರುಗಿದರು. ತಮ್ಮ ದುಂಡಾದ ಅಕ್ಷರದಲ್ಲಿ 'ನೀರು ಅಮೂಲ್ಯ, ಮಿತವಾಗಿ ಬಳಸಿರಿ' ಎಂದು ಹಲಗೆಯ ಮೇಲೆ ಬರೆದು ಅಂಗಳದಲ್ಲಿ ನೆಡಿಸಿದರು. ಮೂರನೆಯ ದಿನ ಆ ಹಲಗೆಯ ಮೇಲೆ ಒಬ್ಬ ಗಿರಾಕಿಯ ಒದ್ದೆ ಬನಿಯನ್ನು ಒಣಗುತ್ತಿತ್ತು. ತೆಗೆಯಿರಿ ಎಂದರೆ ಅವನು, "ಬಿಸಿಲು ಇಲ್ಲೇ ಸಾರ್ ಚೆನ್ನಾಗಿ ಬೀಳೋದು" ಎಂದ.

ಯಜಮಾನರು ಬಂದಾಗ ತೀರ್ಥಪ್ಪ ನೇರವಾಗಿ ಅವರನ್ನೇ ಕೇಳಿದ. ಪಂಚಾಕ್ಷರಪ್ಪನವರು ನಕ್ಕುಬಿಟ್ಟರು. "ಲೋ ತೀರ್ಥಪ್ಪ, ಜನ ಬೆಟ್ಟಕ್ಕೆ ಬರೋದೇ ನೀರಲ್ಲಿ ಆಡೋಕೆ. ಬಿಗಿ ಹಿಡಿಯೋಕೆ ಇದೇನು ನಿಮ್ಮ ಹಿರೇನಲ್ಲೂರೇನೋ?"

ಈ ಮಾತು ಅವನಿಗೆ ನಾಟಿತು. ಆದರೆ ಮುಂದೆ ನಡೆದದ್ದನ್ನು ಅವನು ಯೋಚಿಸಿ ಮಾಡಿದ್ದಲ್ಲ. ಅದು ತಾನಾಗಿ ಬಾಯಿಗೆ ಬಂದದ್ದು.

ಎರಡು ದಿನ ಹಿಂದೆ ಮುಂಗಾರಿಗೆ ಮೊದಲಿನ ಒಂದು ಮಳೆ ಹೊಡೆದು ಹೋಗಿತ್ತು. ಬೆಂಗಳೂರಿನ ಆರು ಜನ ಹುಡುಗರು ಕಾಡಿನಲ್ಲಿ ಸುತ್ತಿ ಬಂದು ಒಂದೇ ಕೋಣೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಒಳಗೆ ನಲ್ಲಿ ಭರ್ರೆಂದು ಸುರಿಯುತ್ತಿತ್ತು. ಇದ್ದಕ್ಕಿದ್ದಂತೆ ಒಬ್ಬ ಕಿರುಚಿಕೊಂಡು ಹೊರಗೆ ಓಡಿಬಂದ. ಅವನ ಕಾಲಿನ ಮೀನಖಂಡದಲ್ಲಿ ಒಂದು ಇಂಬಳ, ಅಂದರೆ ಕಾಡಿನ ಜಿಗಣೆ, ದ್ರಾಕ್ಷಿಯ ಹಾಗೆ ಊದಿಕೊಂಡು ನೇತಾಡುತ್ತಿತ್ತು. ಕಾಡಿನಲ್ಲಿ ನಡೆದವರ ಕಾಲಿಗೆ ಅದು ಹತ್ತುವುದು ಬೆಟ್ಟದವರಿಗೆ ನಿತ್ಯದ ಮಾತು. ತೀರ್ಥಪ್ಪ ಒಂದು ಚಿಟಿಕೆ ಉಪ್ಪು ಹಾಕಿ ಅದನ್ನು ಉದುರಿಸಿದ.

"ಏನಿದು? ಎಲ್ಲಿಂದ ಬಂತು ಇದು?" ಎಂದು ನಡುಗುತ್ತ ಕೇಳಿದ ಹುಡುಗ.

ತೀರ್ಥಪ್ಪ ಕೆಳಗೆ ಬಿದ್ದ ಇಂಬಳ ನೋಡಿದ. ಒಳಗೆ ಸುರಿಯುತ್ತಿದ್ದ ನಲ್ಲಿ ನೋಡಿದ. ಅವನ ಉದ್ದ ಮುಖ ಇನ್ನೊಂದು ಅಂಗುಲ ಉದ್ದವಾಯಿತು.

"ನಲ್ಲಿ ಬಿಟ್ಟು ಎಷ್ಟು ಹೊತ್ತಾಯ್ತು ಸ್ವಾಮಿ?" ಎಂದು ಮೆತ್ತಗೆ ಕೇಳಿದ.

ಹಿಂದೆಯೇ ಹೊರಬಂದಿದ್ದ ಉಳಿದ ಐದು ಜನ ಒಟ್ಟಿಗೆ ಒಳಗೆ ನುಗ್ಗಿ ನಲ್ಲಿ ನಿಲ್ಲಿಸಿದರು.

ಅಷ್ಟೇ. ಹೇಳಿಕೊಂಡು ತಿರುಗುವ ಅಗತ್ಯವೇ ಬೀಳಲಿಲ್ಲ. ಸಂಜೆಯೊಳಗೆ ಹನ್ನೆರಡು ಕೋಣೆಗಳಿಗೂ ಸುದ್ದಿ ಮುಟ್ಟಿತ್ತು. ಕೇಳಲು ಬಂದವರಿಗೆ ತೀರ್ಥಪ್ಪ ತಾಳ್ಮೆಯಿಂದ ವಿವರಿಸಿದ. "ಸಣ್ಣಗೆ ಬಿಟ್ಕೊಂಡ್ರೆ ಭಯ ಇಲ್ಲ ಸ್ವಾಮಿ. ಬಕೆಟ್ಟಿಗೆ ಹಿಡ್ಕೊಂಡು ನಿಲ್ಲಿಸ್ಬಿಟ್ರೆ ಏನೇನೂ ಇಲ್ಲ. ಜೋರಾಗಿ ಬಿಟ್ರೇ ಅದಕ್ಕೆ ಗೊತ್ತಾಗೋದು." ಒಬ್ಬರು ಷವರಿನ ಬಗ್ಗೆ ಕೇಳಿದರು. ತೀರ್ಥಪ್ಪ ತನ್ನ ನೆತ್ತಿಯನ್ನೊಮ್ಮೆ ಸವರಿಕೊಂಡ. ಅವರು ಊರಿಗೆ ಹೋಗುವವರೆಗೂ ಷವರಿನ ಕೆಳಗೆ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಟ್ಯಾಂಕು ತುಂಬಿ, ಕೆಳಗಿನ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು. ಲೈನಿನ ಹೆಂಗಸರು ಕೊಡ ಹಿಡಿದು ಓಡಿದರು. "ಮೇಲೆ ಗಿರಾಕಿ ಖಾಲಿನಾ?" ಎಂದಳು ವಿಮಲಮ್ಮ.

"ಫುಲ್ಲು" ಎಂದ ತೀರ್ಥಪ್ಪ.

ಗಂಡನ ಮುಖವನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಹದಿನೈದು ವರ್ಷ ಸಂಸಾರ ಮಾಡಿದವಳಿಗೆ ಆ ಮುಖ ಓದಲು ಬರುತ್ತಿತ್ತು. ಅವತ್ತು ಊಟಕ್ಕೆ ಎರಡು ಚೊಂಬು ನೀರಿಟ್ಟಳು.

ಎರಡು ಮೂರು ಬೇಸಿಗೆ ಹೀಗೇ ಸಾಗಿತು. ಸುಳ್ಳಿಗೆ ಮೇವು ಹಾಕುವ ಕೆಲಸವನ್ನೂ ಗಿರಾಕಿಗಳೇ ವಹಿಸಿಕೊಂಡಿದ್ದರು. ದಾವಣಗೆರೆಯ ಒಬ್ಬರು ನಲ್ಲಿಯಿಂದ ಬೆರಳುದ್ದದ್ದು ಬಂದದ್ದನ್ನು ಕಣ್ಣಾರೆ ಕಂಡೆ ಎಂದರು. ಶಿವಮೊಗ್ಗದ ಒಬ್ಬರು ನಲ್ಲಿಯ ಮೂತಿಗೆ ಕರವಸ್ತ್ರ ಕಟ್ಟಿ ಸ್ನಾನ ಮಾಡಿದರು. ಆಮೇಲೆ ಅದೇ ಪದ್ಧತಿಯಾಯಿತು. ಕೊನೆಗೆ ವೆಂಕಟಸುಬ್ಬಯ್ಯನವರೂ ತಮ್ಮ ಕೋಣೆಯ ನಲ್ಲಿಗೆ ಹಳೆಯ ಪಂಚೆಯ ತುಂಡು ಕಟ್ಟಿದ್ದನ್ನು ಕಂಡಾಗ ತೀರ್ಥಪ್ಪನಿಗೆ ನಗು ತಡೆಯಲಾಗದೆ ಒರತೆಯವರೆಗೆ ಓಡಿ, ಅಲ್ಲಿ ಬಂಡೆಗೆ ಒರಗಿ ನಕ್ಕು ಬಂದ.

ಒಂದು ಸಲ ಮಾತ್ರ ಅವನಿಗೆ ಕಸಿವಿಸಿಯಾಯಿತು. ಪುಟ್ಟ ಹುಡುಗಿಯೊಬ್ಬಳು ಇಂಬಳದ ಹೆದರಿಕೆಗೆ ಇಡೀ ದಿನ ನೀರೇ ಕುಡಿಯಲಿಲ್ಲ ಎಂದು ಅವಳ ತಾಯಿ ಬಂದು ಹೇಳಿದಳು. ತೀರ್ಥಪ್ಪ ಮಗುವನ್ನು ಒರತೆಗೆ ಕರೆದುಕೊಂಡು ಹೋಗಿ, ಬೊಗಸೆಯಲ್ಲಿ ನೀರು ಹಿಡಿದು ತೋರಿಸಿ, ತಾನು ಮೊದಲು ಕುಡಿದು, ಆಮೇಲೆ ಅವಳಿಗೆ ಕುಡಿಸಿದ. ಆ ರಾತ್ರಿ ಹೆಂಡತಿಯ ಹತ್ತಿರ, "ಸುಳ್ಳು ದೊಡ್ಡೋರಿಗೆ ಅಂತ ಹೇಳಿದ್ದೆ ಕಣೇ. ಮಕ್ಕಳಿಗೂ ಹತ್ಕೊಂಡ್ಬಿಡ್ತು" ಎಂದ.

೧೯೮೨ರ ಏಪ್ರಿಲ್‌ನಲ್ಲಿ ಯಾರೋ ಒಬ್ಬರು ಪತ್ರಿಕೆಗೆ ಪತ್ರ ಬರೆದುಬಿಟ್ಟರು. ಬೆಟ್ಟದ ಲಾಡ್ಜಿನ ನಲ್ಲಿಯಲ್ಲಿ ರಕ್ತ ಹೀರುವ ಹುಳು ಬರುತ್ತದೆ, ಸಂಸಾರಸ್ಥರು ಎಚ್ಚರ ಎಂದು. ಒಂದೇ ವಾರದಲ್ಲಿ ಏಳು ಕೋಣೆಗಳ ಕಾಯ್ದಿರಿಸುವಿಕೆ ರದ್ದಾಯಿತು. ಭಾನುವಾರ ಬೆಳಿಗ್ಗೆ ಪಂಚಾಕ್ಷರಪ್ಪನವರ ಜೀಪು ಘಾಟಿ ಹತ್ತಿ ಬಂದು ಅಂಗಳದಲ್ಲಿ ಗಕ್ಕನೆ ನಿಂತಿತು.

"ಯಾವ ನನ್ಮಗ ಹಬ್ಬಿಸಿದ್ದು ಇದನ್ನ?" ಎಂದು ಅವರು ಗರ್ಜಿಸಿದರು. ವೆಂಕಟಸುಬ್ಬಯ್ಯನವರು ಅಡುಗೆಯವನಿಂದ ಕೇಳಿದೆ ಎಂದರು. ಅಡುಗೆಯವನು ಗಿರಾಕಿಗಳಿಂದ ಕೇಳಿದೆ ಎಂದ. ತೀರ್ಥಪ್ಪ ಟ್ಯಾಂಕಿನ ಹತ್ತಿರ ನಿಂತು ಆಕಾಶ ನೋಡುತ್ತಿದ್ದ.

ಆಗ ವರಾಂಡದ ಕುರ್ಚಿಯಲ್ಲಿ ಹೆಣಿಗೆ ಹಾಕುತ್ತ ಕೂತಿದ್ದ ರಂಗನಾಯಕಿ ಎಂಬ ಹಿರಿಯ ಹೆಂಗಸು ಕನ್ನಡಕ ಸರಿಮಾಡಿಕೊಂಡರು. ಅವರು ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಒಂದು ವಾರದಿಂದ ಅಲ್ಲಿ ತಂಗಿದ್ದರು. "ನೋಡಿ, ಇಂಬಳ ನೆಲದ ಮೇಲಿನ ಪ್ರಾಣಿ. ಒದ್ದೆ ಎಲೆಯಲ್ಲಿ ಇರುತ್ತೆ. ಕಬ್ಬಿಣದ ಕೊಳವೆಯಲ್ಲಿ ಸಂಸಾರ ಹೂಡೋದಿಲ್ಲ" ಎಂದರು. ಹೇಳುವಾಗ ಅವರ ಕಣ್ಣು ಒಂದು ಗಳಿಗೆ ತೀರ್ಥಪ್ಪನ ಮೇಲೆ ನಿಂತಿತು. ಬಂದ ದಿನವೇ ಅವರಿಗೆ ಗೊತ್ತಾಗಿತ್ತೆಂದು ಅವನಿಗೆ ಆಗ ಹೊಳೆಯಿತು.

ಗಿರಾಕಿಗಳು ಟೀಚರ ಮಾತಿಗೆ ತಲೆಯಾಡಿಸಿದರೂ ನಲ್ಲಿಯ ಬಟ್ಟೆ ಬಿಚ್ಚಲಿಲ್ಲ. ಪಂಚಾಕ್ಷರಪ್ಪನವರಿಗೆ ರೇಗಿತು. "ಎಲ್ಲಾ ಕೋಣೆ ನಲ್ಲೀನೂ ಪೂರ್ತಿ ತಿರುಗಿಸ್ರೋ! ಷವರೂ ಬಿಡ್ರೋ! ಎಲ್ಲರೂ ನೋಡ್ಲಿ. ನಾನೇ ಒಂದ್ನೇ ನಂಬರಲ್ಲಿ ಸ್ನಾನ ಮಾಡ್ತೀನಿ. ಒಂದು ಹುಳ ಬಂದ್ರೆ ಲಾಡ್ಜಿಗೆ ಬೀಗ ಹಾಕ್ತೀನಿ!"

"ಯಜಮಾನ್ರೇ, ಎಲ್ಲಾ ಒಟ್ಟಿಗೆ ಬಿಟ್ರೆ…" ಎಂದು ತೀರ್ಥಪ್ಪ ಮುಂದೆ ಬಂದ.

"ನೀನು ಬಾಯ್ಮುಚ್ಚು!"

ತೀರ್ಥಪ್ಪ ಬಾಯಿ ಮುಚ್ಚಿದ. ಇಷ್ಟು ವಿಧೇಯನಾಗಿ ಅವನು ಜೀವಮಾನದಲ್ಲಿ ಬಾಯಿ ಮುಚ್ಚಿರಲಿಲ್ಲ.

ಹನ್ನೆರಡು ಕೋಣೆಗಳಲ್ಲೂ ನೀರು ಭೋರ್ಗರೆಯಿತು. ಗಿರಾಕಿಗಳು ಬಾಗಿಲಲ್ಲಿ ನಿಂತು ಇಣುಕಿದರು. ಒಂದನೇ ನಂಬರಿನ ಒಳಗಿನಿಂದ ಟಬ್ಬು ತುಂಬುವ ಸದ್ದು, ಆಮೇಲೆ ಯಜಮಾನರ ವಚನ ಗಾಯನ ಕೇಳಿಸಿತು. ಅವರು ಒಂದು ಸುತ್ತು ಮಿಂದು, ಕೊಳೆಯಾದ ನೀರನ್ನು ಬಿರಡೆ ಕಿತ್ತು ಬಿಟ್ಟುಬಿಟ್ಟರು. ಇನ್ನೊಂದು ಸಲ ಹೊಸ ನೀರು ತುಂಬಿಸಿಕೊಂಡು ತೊಳೆದುಕೊಳ್ಳೋಣವೆಂದು ತಲೆಯಿಂದ ಕಾಲಿನವರೆಗೆ ದಟ್ಟವಾಗಿ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರು. ನಲ್ಲಿ ಎರಡು ಬಾರಿ ಕೆಮ್ಮಿತು. ಸುಮ್ಮನಾಯಿತು.

"ತೀರ್ಥಪ್ಪಾ! ಏ ತೀರ್ಥಪ್ಪಾ!"

"ಬಂದೆ ಯಜಮಾನ್ರೇ."

"ನೀರು ಬಿಡೋ!"

"ಟ್ಯಾಂಕು ಖಾಲಿ ಆಗೋಯ್ತು ಯಜಮಾನ್ರೇ. ತುಂಬಕ್ಕೆ ಸಂಜೆ ಆಗ್ತದೆ."

"ಕಣ್ಣು ಉರೀತಾ ಇದೆ ಕಣೋ! ಎಲ್ಲಿಂದಾದ್ರೂ ತಾರೋ!"

ಹತ್ತಿರದಲ್ಲಿ ಆ ಹೊತ್ತಿಗೆ ನೀರಿದ್ದದ್ದು ಕೆಳಗಿನ ತೊಟ್ಟಿಯಲ್ಲಿ ಮಾತ್ರ. ತೀರ್ಥಪ್ಪ ಓಡಿದ. ಬರುವಾಗ ಒಬ್ಬನೇ ಬರಲಿಲ್ಲ. ಮುಂದೆ ವಿಮಲಮ್ಮ, ಸೊಂಟದಲ್ಲಿ ತುಂಬಿದ ಕೊಡ; ಹಿಂದೆ ಕರಿಯಮ್ಮ, ಅವಳ ಹಿಂದೆ ಲೈನಿನ ಹದಿನೈದು ಹೆಂಗಸರು. ವಿಮಲಮ್ಮ ಬಚ್ಚಲಿನ ಬಾಗಿಲ ಹೊರಗೆ ಕೊಡ ಇಳಿಸಿ, ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

"ಯಜಮಾನ್ರೇ, ನಾನು ವಿಮಲಮ್ಮ. ನೀರು ತಂದೀನಿ."

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮಾ! ಒಳಗೆ ತಳ್ಳು."

"ತಳ್ತೀನಿ. ಇದು ನಮ್ಮ ಮೂವತ್ತು ಮನೆ ಇವತ್ತಿನ ನೀರು. ನೀವು ಮಿಕ್ಕಿಸಿದ್ರೆ ನಮಗೆ ಅನ್ನೋದು ಇನ್ಮೇಲೆ ಬ್ಯಾಡ. ಒರತೆ ನೀರು ಮೊದ್ಲೇ ಎರಡು ಪಾಲಾಗ್ಲಿ. ಅರ್ಧ ನಿಮ್ಮ ಟ್ಯಾಂಕಿಗೆ, ಅರ್ಧ ನಮ್ಮ ತೊಟ್ಟಿಗೆ. ಹೂಂ ಅಂದ್ರೆ ಕೊಡ ಒಳಗೆ ಬತ್ತದೆ."

ಒಳಗೆ ಖಾಲಿ ನಲ್ಲಿಯನ್ನು ಇನ್ನೊಮ್ಮೆ ತಿರುಗಿಸಿದ ಸದ್ದು ಕೇಳಿಸಿತು.

"ಆಯ್ತಮ್ಮಾ, ಆಯ್ತು. ಹೂಂ."

"ಹಂಗಲ್ಲ ಯಜಮಾನ್ರೇ. ಕೊರಳಲ್ಲಿರೋ ಲಿಂಗ ಮುಟ್ಕೊಂಡು ಹೇಳ್ಬೇಕು."

"ಕೈಯೆಲ್ಲಾ ಸೋಪು ಕಣಮ್ಮಾ!"

"ಸ್ವಾಮಿಗೂ ಸ್ನಾನ ಆಗ್ತದೆ ಬಿಡಿ" ಎಂದಳು ಕರಿಯಮ್ಮ ಹಿಂದಿನಿಂದ.

ಲಿಂಗ ಮುಟ್ಟಿ ಮಾತು ಕೊಟ್ಟದ್ದಾಯಿತು. ವಿಮಲಮ್ಮ ಕೊಡ ತಳ್ಳುವಷ್ಟರಲ್ಲಿ ತೀರ್ಥಪ್ಪನೂ ಬಾಗಿಲ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗಲಾರದೆಂದು ಅವನಿಗೆ ಅನ್ನಿಸಿತ್ತು.

"ಯಜಮಾನ್ರೇ, ಇನ್ನೊಂದು ಮಾತು. ಆ ನಲ್ಲೀಗೆ ಇಂಬಳ ಬಿಟ್ಟೋನು ನಾನೇ. ಬಾಯಲ್ಲಿ ಅಷ್ಟೇ."

"ಅದೆಲ್ಲಾ ಆಮೇಲೆ ಕಣೋ! ಮೊದ್ಲು ಕೊಡ ತಳ್ಳೋ!"

ಆಮೇಲೆ ಯಜಮಾನರು ಕೆಂಪು ಕಣ್ಣುಗಳೊಂದಿಗೆ ವರಾಂಡದಲ್ಲಿ ಕೂತರು. ಅಷ್ಟು ದಪ್ಪ ಮನುಷ್ಯ ಒಂದೇ ಕೊಡದಲ್ಲಿ ಪೂರ್ತಿ ತೊಳೆದುಕೊಂಡು ಬಂದಿದ್ದರು. ಕಿವಿಯ ಹಿಂದೆ ಮಾತ್ರ ಇನ್ನೂ ನೊರೆ ಉಳಿದಿತ್ತು. ತೀರ್ಥಪ್ಪ ಎದುರಿಗೆ ಕೈಕಟ್ಟಿ ನಿಂತ. ಕೆಲಸ ಹೋಯಿತೆಂದೇ ಅವನ ಲೆಕ್ಕ. ಊರಿಗೆ ಹಿಂತಿರುಗಿದರೆ ತಮ್ಮಂದಿರ ಮುಂದೆ ಏನು ಹೇಳುವುದು ಎಂದು ಯೋಚಿಸುತ್ತಿದ್ದ.

"ಎಷ್ಟು ವರ್ಷದಿಂದ ಹೇಳ್ತಿದ್ದೀಯೋ ಈ ಸುಳ್ಳ?"

"ಮೂರು ಬೇಸಿಗೆ ಆಯ್ತು ಯಜಮಾನ್ರೇ."

"ಮೂರು ಬೇಸಿಗೇಲಿ ಒಂದಿನಾನೂ ಗಿರಾಕಿಗೆ ನೀರು ನಿಂತಿಲ್ಲ ಅಂತ ವೆಂಕಟಸುಬ್ಬಯ್ಯ ಹೇಳ್ತಾನೆ. ಇವತ್ತು ನಾನು ನಿಜ ತೋರಿಸೋಕೆ ಹೋಗಿ ಅರ್ಧ ಗಂಟೇಲಿ ಟ್ಯಾಂಕು ಬರಿದು ಮಾಡ್ದೆ." ಅವರು ಕಿವಿಯ ಹಿಂದಿನ ನೊರೆ ಒರೆಸಿಕೊಂಡರು. "ನಿನ್ನ ಓಡ್ಸಿದ್ರೆ ಈ ಕಥೆ ತರೀಕೆರೆ ಪೇಟೇಲೆಲ್ಲಾ ನೀನೇ ಹೇಳ್ತೀಯ. ಬೇಡ, ಇಲ್ಲೇ ಬಿದ್ದಿರು."

ಸಂಜೆ ಒರತೆಯ ಹತ್ತಿರ ರಂಗನಾಯಕಿಯವರು ಅವನಿಗೆ ಸಿಕ್ಕರು. ಅವನು ಅವರನ್ನು ಕಂಡು ತಲೆ ತಗ್ಗಿಸಿದ.

"ಮೊದಲು ನಿಜ ಹೇಳಿ ನೋಡಿದ್ದೆ ಮೇಡಮ್ಮೋರೇ. ಬೋರ್ಡು ಹಾಕಿದ್ವಿ. ಅದ್ರ ಮೇಲೆ ಬನಿಯನ್ನು ಒಣಗಾಕಿದ್ರು."

"ಹಲಗೆಗೆ ಬಾಯಿಲ್ಲ ತೀರ್ಥಪ್ಪ, ನಿಮಗಿದೆಯಲ್ಲ. ಜನರನ್ನ ಇಲ್ಲಿಗೆ ಕರ್ಕೊಂಡು ಬನ್ನಿ. ಈ ಒರತೆ ಬೆರಳು ದಪ್ಪ ಇದೆ. ಇದನ್ನ ನೋಡಿದೋರು ನಲ್ಲಿ ಬಿಟ್ಟು ಹಾಡು ಹೇಳೋಕೆ ಸ್ವಲ್ಪನಾದ್ರೂ ನಾಚ್ತಾರೆ."

ಮುಂದಿನ ವಾರ ತೀರ್ಥಪ್ಪ ಒರತೆಯ ಕೆಳಗೆ ಒಂದು ಕಲ್ಲಿನ ಪೆಟ್ಟಿಗೆ ಕಟ್ಟಿದ. ಅದಕ್ಕೆ ಒಂದೇ ಎತ್ತರದಲ್ಲಿ, ಒಂದೇ ಅಳತೆಯ ಎರಡು ತೂತು. ಒಂದು ಟ್ಯಾಂಕಿಗೆ, ಒಂದು ತೊಟ್ಟಿಗೆ. ಅವನ ಅಜ್ಜ ಕೆರೆಯಲ್ಲಿ ಗದ್ದೆಗಳಿಗೆ ಪಾಲು ಮಾಡುತ್ತಿದ್ದ ರೀತಿಯೇ ಅದು. ಷವರುಗಳನ್ನು ಬಿಚ್ಚಿದರು. ಟಬ್ಬು ಲೈನಿಗೆ ಇಳಿದು ಬಟ್ಟೆ ಒಗೆಯುವ ತೊಟ್ಟಿಯಾಯಿತು. ಅದರೊಳಗೆ ಮೊದಲು ಕಂಬಳಿ ತುಳಿದವಳು ಕರಿಯಮ್ಮ. ಲಾಡ್ಜಿನಲ್ಲಿ ತಲೆಗೆ ಎರಡು ಬಕೆಟ್ಟು ಎಂಬ ನಿಯಮ ಬಂತು. ಹೆಚ್ಚು ಬೇಕೆಂದವರಿಗೆ ತೀರ್ಥಪ್ಪ ವಿನಯದಿಂದ ಖಾಲಿ ಕೊಡ ಕೊಟ್ಟು ಒರತೆಯ ದಾರಿ ತೋರಿಸುತ್ತಿದ್ದ. ಕೆಲವರು ನಿಜವಾಗಿಯೂ ಹೋಗಿ ತರುತ್ತಿದ್ದರು, ಕೊಡ ಹೊತ್ತು ಫೋಟೋ ಹೊಡೆಸಿಕೊಳ್ಳುತ್ತಿದ್ದರು, ಅರ್ಧ ದಾರಿಯಲ್ಲಿ ಚೆಲ್ಲಿ ಉಳಿದಷ್ಟರಲ್ಲೇ ಸ್ನಾನ ಮುಗಿಸುತ್ತಿದ್ದರು. ಬೈದುಕೊಂಡು ಹೋದವರೂ ಇದ್ದರು. ಇನ್ನು ಕೆಲವರಿಗೆ ಇಂಬಳ ಇಲ್ಲವೆಂದು ತಿಳಿದು ನಿರಾಸೆಯಾಗುತ್ತಿತ್ತು. ಅದನ್ನು ನೋಡಲೆಂದೇ ಅಷ್ಟು ದೂರ ಬಂದಿದ್ದರಂತೆ.

೧೯೮೬ರಲ್ಲಿ ತರೀಕೆರೆಯಲ್ಲಿ ಪಂಚಾಕ್ಷರಪ್ಪನವರ ತಮ್ಮನ ಮಗಳ ಮದುವೆ. ತೀರ್ಥಪ್ಪ, ವಿಮಲಮ್ಮ ಇಬ್ಬರೂ ಹೋಗಿದ್ದರು. ಅಜ್ಜಂಪುರದಿಂದ ಬಂದ ಬೀಗರ ನಡುವೆ ಕೂತು ಯಜಮಾನರು ಎಲೆಅಡಿಕೆ ಹಾಕುತ್ತ ಕಥೆ ಹೇಳುತ್ತಿದ್ದರು.

"ಬೆಟ್ಟದಲ್ಲಿ ನೀರಿನ ತಾಪತ್ರಯ ನೋಡಿ ನನಗೆ ನಿದ್ದೇನೇ ಬರ್ತಿರ್ಲಿಲ್ಲ. ಒಂದಿನ ಸ್ನಾನ ಮಾಡ್ತಾ ಮಾಡ್ತಾ ತಟ್ಟನೆ ಹೊಳೀತು ನೋಡಿ. ಬಡವರಿಗೆ ಅರ್ಧ ಪಾಲು ಕೊಟ್ಬಿಡೋಣ ಅಂತ. ಎದ್ದೋನೇ ಈ ತೀರ್ಥಪ್ಪನ್ನ ಕರೆದು ಕಲ್ಲು ಪೆಟ್ಟಿಗೆ ಕಟ್ಟು ಅಂದೆ. ಅಲ್ವೇನೋ ತೀರ್ಥಪ್ಪ?"

ತೀರ್ಥಪ್ಪನ ಮುಖ ನಿಧಾನವಾಗಿ ಉದ್ದವಾಯಿತು.

"ಹೌದು ಯಜಮಾನ್ರೇ. ಬಾಗ್ಲು ಹೊರಗೇ ನಿಂತಿದ್ದೆ, ನನಗೇ ಕೇಳಿಸ್ತು" ಎಂದ.

ಪಕ್ಕದಲ್ಲಿದ್ದ ವಿಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಅಡುಗೆಮನೆಯ ಕಡೆ ನಡೆದಳು. ಬೀಗರು ಯಜಮಾನರ ದೊಡ್ಡ ಮನಸ್ಸನ್ನು ಹೊಗಳುತ್ತಿದ್ದರು.